ಉತ್ತರಿಸುತ್ತಿರುವುದು ಅಸಲಿ ಸರ್ವರೋ, ನಡುವೆ ನಿಂತ ರಿವರ್ಸ್ ಪ್ರಾಕ್ಸಿಯೋ? ಹೊರಗಿನಿಂದ ಪತ್ತೆ ಮಾಡುವುದು ಹೇಗೆ?

ಹದಡಿರಸ್ತೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯ ಒಂದು ಸಹಕಾರ ಸಂಘದ ಜಾಲತಾಣದ ಭದ್ರತಾ ಪರೀಕ್ಷೆಯನ್ನು ನಮ್ಮ ಸಣ್ಣ ತಂಡ ಒಪ್ಪಿಕೊಂಡಿದೆ. ಲಿಖಿತ ಅನುಮತಿ ಇದೆ. ಯಾವ ಐಪಿ ವಿಳಾಸ, ಯಾವ ದಿನ, ಯಾವ ಹೊತ್ತು ಎಂಬುದೆಲ್ಲ ಪತ್ರದಲ್ಲಿದೆ. ಆದರೆ ಪರೀಕ್ಷೆ ಪೂರ್ತಿ ಹೊರಗಿನಿಂದಲೇ ನಡೆಯಬೇಕು, ಒಳಗಿನ ಜಾಲದ ನಕ್ಷೆ ಕೊಡುವುದಿಲ್ಲ ಎಂದಿದ್ದಾರೆ.

ನನಗೆ ಕಂಡದ್ದು ಇಷ್ಟು. ಎನ್‌ಮ್ಯಾಪ್ (ತೆರೆದ ಪೋರ್ಟುಗಳನ್ನು ಹುಡುಕುವ ಉಪಕರಣ) ಓಡಿಸಿದರೆ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಎನ್ನುತ್ತದೆ. 443ನೇ ಪೋರ್ಟಿನ ಉತ್ತರದಲ್ಲಿ ಸರ್ವರ್ ಹೆಡರ್ (ಪುಟದ ಜೊತೆ ಬರುವ ಮಾಹಿತಿ ಸಾಲು) ಬರೀ ‘ಎಂಜಿನ್‌ಎಕ್ಸ್’ ಎಂಬ ವೆಬ್ ಸರ್ವರಿನ ಹೆಸರು ಹೇಳುತ್ತದೆ, ಆವೃತ್ತಿ ಇಲ್ಲ. ಆದರೆ ಲಾಗಿನ್ ಪುಟದ ವಿಳಾಸ ‘.ಎಎಸ್‌ಪಿಎಕ್ಸ್’ ಎಂದು ಮುಗಿಯುತ್ತದೆ, ಕುಕಿಯ ಹೆಸರು ‘ಎಎಸ್‌ಪಿ.ನೆಟ್_ಸೆಷನ್‌ಐಡಿ’. ಅದೇ ವಿಳಾಸದಲ್ಲಿ 8443 ಕೂಡ ತೆರೆದಿದೆ, ಅಲ್ಲಿಯೂ ಅದೇ ಲಾಗಿನ್ ಪುಟ ಬರುತ್ತದೆ.

ನಡುವೆ ರಿವರ್ಸ್ ಪ್ರಾಕ್ಸಿ ಇದೆ ಎಂಬ ಅನುಮಾನ ನನ್ನದು. ಅದನ್ನು ಅನುಮಾನದಿಂದ ಸಾಕ್ಷ್ಯದ ಮಟ್ಟಕ್ಕೆ ತರುವುದು ಹೇಗೆ? ಸಂಘದ ಸದಸ್ಯರಲ್ಲಿ ಬಹುಪಾಲು ಮೆಕ್ಕೆಜೋಳ, ಹತ್ತಿ ಬೆಳೆಯುವ ರೈತರು. ಅವರ ಸಾಲದ ಲೆಕ್ಕ, ಬ್ಯಾಂಕ್ ಖಾತೆ, ಆಧಾರ್ ವಿವರ ಎಲ್ಲವೂ ಅಲ್ಲಿದೆ. ವರದಿಯಲ್ಲಿ ಊಹೆ ಬರೆದು ಕೈ ತೊಳೆದುಕೊಳ್ಳಲು ಮನಸ್ಸಿಲ್ಲ.

ದುರ್ಗದ ಮೇಷ್ಟ್ರು (ಚಿತ್ರದುರ್ಗ)

ಒಳ್ಳೆಯ ಪ್ರಶ್ನೆ. ಇದನ್ನು ಓದುವ ವಿದ್ಯಾರ್ಥಿಗಳಿಗಾಗಿ ಮೊದಲು ಬುಡದ ಮಾತು ಹೇಳಿಬಿಡುತ್ತೇನೆ. ರಿವರ್ಸ್ ಪ್ರಾಕ್ಸಿ ಎಂದರೆ ನಿಮ್ಮ ದಾವಣಗೆರೆ ಎಪಿಎಂಸಿಯ ದಲ್ಲಾಳಿ ಇದ್ದಂತೆ. ರೈತ ಮಾತನಾಡುವುದು, ಚೀಟಿ ಪಡೆಯುವುದು ಎಲ್ಲ ದಲ್ಲಾಳಿಯ ಅಂಗಡಿಯಲ್ಲಿ. ಮಾಲು ಕೊಳ್ಳುವ ವ್ಯಾಪಾರಿ ಹಿಂದೆ ಇರುತ್ತಾನೆ, ರೈತನಿಗೆ ಅವನ ಮುಖ ಕಾಣುವುದಿಲ್ಲ.

ತಾಂತ್ರಿಕವಾಗಿ ಹೇಳುವುದಾದರೆ ನಿಮ್ಮ ಟಿಸಿಪಿ ಸಂಪರ್ಕ ಪ್ರಾಕ್ಸಿಯಲ್ಲೇ ಮುಗಿಯುತ್ತದೆ. ಪ್ರಾಕ್ಸಿ ಹಿಂದಿನ ಸರ್ವರಿನೊಂದಿಗೆ ತನ್ನದೇ ಇನ್ನೊಂದು ಸಂಪರ್ಕ ತೆರೆಯುತ್ತದೆ. ಹೀಗಾಗಿ ಟಿಸಿಪಿ ಮಟ್ಟದಲ್ಲಿ ಕಾಣುವ ಲಕ್ಷಣಗಳೆಲ್ಲ ಪ್ರಾಕ್ಸಿಯವು: ಟಿಟಿಎಲ್ (ದಾರಿಯ ಪ್ರತಿ ರೂಟರ್ ದಾಟಿದಾಗ ಒಂದೊಂದು ಕಡಿಮೆಯಾಗುವ ಅಂಕಿ), ವಿಂಡೋ ಗಾತ್ರ, ಟಿಸಿಪಿ ಆಯ್ಕೆಗಳ ಅನುಕ್ರಮ. ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ ಪದರ) ಕೂಡ ಸಾಮಾನ್ಯವಾಗಿ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಪುಟ, ಕುಕಿ, ಅಪ್ಲಿಕೇಶನ್ನಿನ ದೋಷಸಂದೇಶಗಳು ಮಾತ್ರ ಹಿಂದಿನ ಸರ್ವರಿನಿಂದ ಬರುತ್ತವೆ. ಕೆಳಗಿನ ಪದರ ಒಂದು ಹೇಳಿ ಮೇಲಿನ ಪದರ ಇನ್ನೊಂದು ಹೇಳಿದರೆ ನಡುವೆ ಯಾರೋ ಇದ್ದಾರೆ ಎಂದೇ ಅರ್ಥ. ನಿಮಗೆ ಅಂಥ ವಿರೋಧ ಆಗಲೇ ಸಿಕ್ಕಿದೆ: ಕೆಳಗೆ ಲಿನಕ್ಸ್, ಮೇಲೆ ಮೈಕ್ರೋಸಾಫ್ಟಿನ ಎಎಸ್‌ಪಿ.ನೆಟ್. ಈಗ ಅದನ್ನು ಬೇರೆ ಬೇರೆ ದಿಕ್ಕಿನಿಂದ ಗಟ್ಟಿ ಮಾಡಿಕೊಳ್ಳಬೇಕು.

ಎರಡೂ ಪೋರ್ಟುಗಳಿಗೆ ಸಿನ್ ಪ್ಯಾಕೆಟ್ (ಟಿಸಿಪಿ ಸಂಪರ್ಕ ಕೇಳುವ ಮೊದಲ ಪ್ಯಾಕೆಟ್) ಕಳುಹಿಸಿ, ಮರಳಿ ಬರುವ ಸಿನ್-ಆಕ್‌ನ ಟಿಟಿಎಲ್ ನೋಡಿ ಇಲ್ಲಿ ಹಾಕಿ. ಲಿನಕ್ಸ್ ಸಾಮಾನ್ಯವಾಗಿ 64ರಿಂದ ಶುರು ಮಾಡುತ್ತದೆ, ವಿಂಡೋಸ್ 128ರಿಂದ, ಹಲವು ಜಾಲ ಸಾಧನಗಳು 255ರಿಂದ.

ಚಳ್ಳಕೆರೆ ವಿದ್ಯಾರ್ಥಿನಿ

ಸರ್, ಎಎಸ್‌ಪಿ.ನೆಟ್ ಈಗ ಲಿನಕ್ಸ್‌ನಲ್ಲಿಯೂ ಓಡುತ್ತದೆಯಲ್ಲವೇ? ಹಾಗಿದ್ದರೆ ವಿರೋಧ ಎಲ್ಲಿದೆ?

ಸರ್ವರ್ ಕಾವಲು (ಹರಿಹರ)

ಸರಿಯಾದ ಜಾಗದಲ್ಲೇ ತಡೆದು ಕೇಳಿದ್ದೀರಿ. ಲಿನಕ್ಸ್‌ನಲ್ಲಿ ಓಡುವುದು ಎಎಸ್‌ಪಿ.ನೆಟ್ ಕೋರ್. ಅದರ ಕುಕಿಗಳ ಹೆಸರು ‘.ಆಸ್ಪ್‌ನೆಟ್‌ಕೋರ್’ ಎಂದು ಶುರುವಾಗುತ್ತವೆ. ‘ಎಎಸ್‌ಪಿ.ನೆಟ್_ಸೆಷನ್‌ಐಡಿ’ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕಿನ ಗುರುತು, ‘.ಎಎಸ್‌ಪಿಎಕ್ಸ್’ ಪುಟಗಳೂ ಅದರವೇ. ಅದು ವಿಂಡೋಸ್ ಮತ್ತು ಅದರ ವೆಬ್ ಸರ್ವರ್ ಐಐಎಸ್ ಮೇಲೆ ನಿಂತ ಸರಕು. ಮೊನೊ (ಡಾಟ್‌ನೆಟ್‌ನ ಮುಕ್ತ ರೂಪ) ಬಳಸಿ ಲಿನಕ್ಸ್‌ನಲ್ಲಿ ಓಡಿಸುವವರು ಇದ್ದಾರೆ, ಆದರೆ ಬಲು ಅಪರೂಪ.

ಇನ್ನೊಂದು ಸಂಗತಿ. ಎಂಜಿನ್‌ಎಕ್ಸ್ ಪ್ರಾಕ್ಸಿಯಾಗಿ ನಿಂತಾಗ ಹಿಂದಿನ ಸರ್ವರ್ ಕೊಟ್ಟ ‘ಸರ್ವರ್’ ಮತ್ತು ‘ಡೇಟ್’ ಹೆಡರುಗಳನ್ನು ತಾನಾಗಿಯೇ ತಡೆದು, ತನ್ನವನ್ನು ಹಾಕುತ್ತದೆ. ಇದು ಅದರ ಸಹಜ ನಡವಳಿಕೆ, ಯಾರೂ ಹೊಂದಿಸಬೇಕಾಗಿಲ್ಲ. ಆದರೆ ‘ಎಕ್ಸ್-ಪವರ್ಡ್-ಬೈ’, ‘ಎಕ್ಸ್-ಆಸ್ಪ್‌ನೆಟ್-ವರ್ಷನ್’ ಇಂಥವನ್ನು ಯಾರಾದರೂ ತೆಗೆಯಲು ಹೇಳದ ಹೊರತು ಹಾಗೆಯೇ ಬಿಟ್ಟುಬಿಡುತ್ತದೆ. ಆವೃತ್ತಿ ಸಂಖ್ಯೆ ಅಡಗಿಸಿದ ನಿರ್ವಾಹಕರು ಇವನ್ನು ಮರೆತಿರುವುದು ಹೆಚ್ಚು. ಹೋಲಿಸಿ ನೋಡಿ.

ಪುಕ್ಕಟೆ ಪರೀಕ್ಷೆಯೊಂದಿದೆ, ಯಾರಿಗೂ ತೊಂದರೆ ಇಲ್ಲ. ತಾಣದ ಲೋಗೊ ಚಿತ್ರದ ವಿಳಾಸ ತೆಗೆದುಕೊಂಡು, ಅದರ ಒಂದೆರಡು ಸಣ್ಣಕ್ಷರಗಳನ್ನು ದೊಡ್ಡಕ್ಷರ ಮಾಡಿ ಕೇಳಿ. ವಿಂಡೋಸ್ ಕಡತ ವ್ಯವಸ್ಥೆ ಆ ಭೇದ ನೋಡುವುದಿಲ್ಲ, ಚಿತ್ರ ಬರುತ್ತದೆ. ಲಿನಕ್ಸ್ ಡಿಸ್ಕಿನಿಂದಲೇ ಬರುವುದಾದರೆ 404 ಸಿಗುತ್ತದೆ.

ಬೆಣ್ಣೆನಗರಿ

ಇಷ್ಟೆಲ್ಲ ಏಕೆ? ಎನ್‌ಮ್ಯಾಪ್‌ನಲ್ಲೇ ಎಚ್‌ಟಿಟಿಪಿ-ಟ್ರೇಸ್‌ರೂಟ್ ಎಂಬ ಸ್ಕ್ರಿಪ್ಟ್ ಇದೆಯಲ್ಲ. ಕೋರಿಕೆ ಎಷ್ಟು ಪ್ರಾಕ್ಸಿ ದಾಟಬಹುದು ಎಂದು ಹೇಳುವ ‘ಮ್ಯಾಕ್ಸ್-ಫಾರ್ವರ್ಡ್ಸ್’ ಹೆಡರಿಗೆ 0, 1, 2 ಎಂದು ಹಾಕಿ ಕಳುಹಿಸುತ್ತದೆ, ಉತ್ತರಗಳು ಬೇರೆಯಾದರೆ ಪ್ರಾಕ್ಸಿ ಇದೆ ಎನ್ನುತ್ತದೆ. ಜೊತೆಗೆ ಸಂದೇಶ ಯಾವ ಪ್ರಾಕ್ಸಿ ಮೂಲಕ ಬಂತು ಎನ್ನುವ ‘ವಯಾ’ ಹೆಡರ್ ನೋಡಿದರಾಯಿತು. ಪ್ರಾಕ್ಸಿ ಅದನ್ನು ಹಾಕಲೇಬೇಕು ಎಂದು ನಿಯಮವೇ ಇದೆ.

ಸರ್ವರ್ ಕಾವಲು (ಹರಿಹರ)

ಸ್ಕ್ರಿಪ್ಟ್ ಓಡಿಸಲಿ, ಅಡ್ಡಿಯಿಲ್ಲ. ಅಪಾಚೆ ವೆಬ್ ಸರ್ವರಿನ ಪ್ರಾಕ್ಸಿ ಮಾಡ್ಯೂಲ್ ಇದ್ದರೆ ಫಲ ಕೊಡುತ್ತದೆ, ಏಕೆಂದರೆ ಅದು ಮ್ಯಾಕ್ಸ್-ಫಾರ್ವರ್ಡ್ಸ್ ಎಣಿಸುತ್ತದೆ, ಸೊನ್ನೆಯಾದರೆ ಮುಂದೆ ಕಳುಹಿಸದೆ ತಾನೇ ಉತ್ತರಿಸುತ್ತದೆ. ಎಂಜಿನ್‌ಎಕ್ಸ್ ಎಣಿಸುವುದಿಲ್ಲ, ಟ್ರೇಸ್ ವಿಧಾನಕ್ಕೆ (ಕೋರಿಕೆಯನ್ನೇ ಮರಳಿ ತೋರಿಸು ಎನ್ನುವುದು) 405, ಅಂದರೆ ಅನುಮತಿಯಿಲ್ಲ, ಎಂದು ಬಾಗಿಲು ಹಾಕುತ್ತದೆ. ಈ ತಾಣದಲ್ಲಿ ಸ್ಕ್ರಿಪ್ಟ್ ಏನೂ ಹೇಳದೇ ಇದ್ದರೆ ‘ಪ್ರಾಕ್ಸಿ ಇಲ್ಲ’ ಎಂದು ಬರೆದುಬಿಡುವುದು ತಪ್ಪಾಗುತ್ತದೆ.

‘ವಯಾ’ ವಿಚಾರಕ್ಕೆ ಎಚ್‌ಟಿಟಿಪಿಯ ಮಾನಕ ದಾಖಲೆ ಆರ್‌ಎಫ್‌ಸಿ 9110 ಓದಿ. ರಿವರ್ಸ್ ಪ್ರಾಕ್ಸಿಯನ್ನು ಅದು ಗೇಟ್‌ವೇ ಎಂದು ಕರೆಯುತ್ತದೆ. ಗೇಟ್‌ವೇ ಹಿಂದಿನ ಸರ್ವರಿಗೆ ಕಳುಹಿಸುವ ಕೋರಿಕೆಯಲ್ಲಿ ವಯಾ ಹಾಕಲೇಬೇಕು. ನಮ್ಮ ಕಡೆ ಬರುವ ಉತ್ತರದಲ್ಲಿ ಹಾಕಬಹುದು, ಹಾಕದೆಯೂ ಇರಬಹುದು. ನಾವು ನಿಂತಿರುವುದು ಉತ್ತರದ ಕಡೆ. ಹಾಗಾಗಿ ವಯಾ ಕಂಡರೆ ಸಾಕ್ಷ್ಯ, ಕಾಣದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಹದಡಿರಸ್ತೆ (ದಾವಣಗೆರೆ)

ಮೇಷ್ಟ್ರೇ, ನೀವು ಹೇಳಿದಂತೆ ನೋಡಿದೆ. 443ರಿಂದ ಬರುವ ಸಿನ್-ಆಕ್‌ನ ಟಿಟಿಎಲ್ 57. 8443ರಿಂದ ಬರುವುದರಲ್ಲಿ 120. ಮತ್ತೆ ಮತ್ತೆ ನೋಡಿದರೂ ಹೀಗೆಯೇ.

ಹರಿಹರದವರು ಹೇಳಿದ ಲೋಗೊ ಪರೀಕ್ಷೆಯೂ ಆಯಿತು. ಅಕ್ಷರ ಹೇಗೆ ಬದಲಿಸಿದರೂ ಚಿತ್ರ ಬರುತ್ತದೆ. ‘ಎಕ್ಸ್-ಪವರ್ಡ್-ಬೈ’ ಎರಡೂ ಪೋರ್ಟಿನಲ್ಲಿದೆ. ಟ್ರೇಸ್‌ರೂಟ್ ಸ್ಕ್ರಿಪ್ಟ್ ಸುಮ್ಮನಾಯಿತು, ವಯಾ ಇಲ್ಲ.

ದುರ್ಗದ ಮೇಷ್ಟ್ರು (ಚಿತ್ರದುರ್ಗ)

ಈ ಎರಡು ಅಂಕಿಗಳು ಬಹಳ ಮಾತನಾಡುತ್ತವೆ. 57 ಎಂದರೆ 64ರಲ್ಲಿ 7 ಕಳೆದಿದೆ. 120 ಎಂದರೆ 128ರಲ್ಲಿ 8. ಒಂದೇ ಐಪಿ ವಿಳಾಸ, ಆದರೆ ಉತ್ತರಿಸುವವರು ಇಬ್ಬರು. ಎರಡನೆಯವರು ಒಂದು ಹೆಜ್ಜೆ ಹಿಂದೆ ಇದ್ದಾರೆ, ಅವರ ಅಂಕಿ ವಿಂಡೋಸ್ ರೂಢಿಗೆ ಹೊಂದುತ್ತದೆ.

ಆದರೆ ಇಲ್ಲಿ ಎಚ್ಚರ ಬೇಕು. ಟಿಟಿಎಲ್ ಭೇದ ಹೇಳುವುದು 8443 ಪೋರ್ಟ್ ಫಾರ್ವರ್ಡ್ ಆಗಿದೆ ಎಂಬುದನ್ನು ಮಾತ್ರ. ಪೋರ್ಟ್ ಫಾರ್ವರ್ಡ್‌ನಲ್ಲಿ ಪ್ಯಾಕೆಟ್ ವಿಳಾಸ ಬದಲಾಯಿಸಿಕೊಂಡು ಹಿಂದಿನ ಯಂತ್ರದವರೆಗೂ ಹೋಗುತ್ತದೆ, ಸಂಪರ್ಕ ಮುಗಿಯುವುದು ಅಲ್ಲೇ. ಅದು ರಿವರ್ಸ್ ಪ್ರಾಕ್ಸಿ ಅಲ್ಲ. 443ರಲ್ಲಿ ಪ್ರಾಕ್ಸಿ ಇದೆ ಎನ್ನುವುದಕ್ಕೆ ಟಿಟಿಎಲ್ ಒಂದೇ ಸಾಲದು. ಟಿಟಿಎಲ್ ಲಿನಕ್ಸ್ ಎನ್ನುತ್ತಿರುವಾಗ ಅದೇ 443ರ ಪುಟಗಳು ವಿಂಡೋಸ್ ಲಕ್ಷಣ ತೋರಿಸುತ್ತಿವೆ ಎಂಬುದು ನಿಮ್ಮ ಸಾಕ್ಷ್ಯ. ಇವೆರಡನ್ನು ಕಲಸಿಬಿಡುವವರು ಬಹಳ ಜನ. ಕೆಲವು ಫೈರ್‌ವಾಲ್‌ಗಳು ಟಿಟಿಎಲ್ ಸಮ ಮಾಡಿ ಕಳುಹಿಸುತ್ತವೆ, ಇನ್ನು ಕೆಲವು ಸಿನ್‌ಗೆ ಹಿಂದಿನವರ ಬದಲು ತಾವೇ ಉತ್ತರಿಸುತ್ತವೆ ಎಂಬುದನ್ನೂ ಮರೆಯಬೇಡಿ.

ಬೆಣ್ಣೆನಗರಿ

ಟಿಸಿಪಿ ಟೈಮ್‌ಸ್ಟಾಂಪ್ ನೋಡಿದರೆ ಯಂತ್ರ ಎಷ್ಟು ದಿನದಿಂದ ಓಡುತ್ತಿದೆ ಎಂದು ತಿಳಿಯುತ್ತದೆ, ಅದರಿಂದ ಎರಡು ಯಂತ್ರಗಳನ್ನು ಬೇರ್ಪಡಿಸಬಹುದು ಎಂದು ಓದಿದ್ದೆ. ಅದನ್ನು ಯಾರೂ ಹೇಳಲಿಲ್ಲ.

ದುರ್ಗದ ಮೇಷ್ಟ್ರು (ಚಿತ್ರದುರ್ಗ)

ಒಂದು ಕಾಲದಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಹೊಸ ಲಿನಕ್ಸ್ ಕರ್ನೆಲ್‌ಗಳು ಟೈಮ್‌ಸ್ಟಾಂಪಿಗೆ ಯಾದೃಚ್ಛಿಕ ಸಂಖ್ಯೆ ಸೇರಿಸಿ ಕಳುಹಿಸುತ್ತವೆ, ಲೆಕ್ಕ ದಾರಿ ತಪ್ಪಿಸುತ್ತದೆ. ಹಳೆಯ ಪಾಠಗಳನ್ನು ನಂಬುವ ಮೊದಲು ಕರ್ನೆಲ್ ಆವೃತ್ತಿ ನೋಡಿಕೊಳ್ಳಬೇಕು.

ಸರ್ವರ್ ಕಾವಲು (ಹರಿಹರ)

443ಕ್ಕೆ ಇನ್ನೂ ಬಲವಾದ ಸಾಕ್ಷ್ಯ ಬೇಕಿದ್ದರೆ ದೋಷಪುಟಗಳನ್ನು ಮಾತನಾಡಿಸಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ನಂಬಬಹುದಾದದ್ದು ಇದೇ. ಕೆಲವು ತಪ್ಪು ಕೋರಿಕೆಗಳನ್ನು ಪ್ರಾಕ್ಸಿಯೇ ತಿರಸ್ಕರಿಸುತ್ತದೆ, ಕೆಲವನ್ನು ಒಳಗೆ ಬಿಡುತ್ತದೆ. ಒಂದೇ ವಿಳಾಸದಿಂದ ಎರಡು ಬೇರೆ ಮುಖದ ದೋಷಪುಟ ಬರಿಸಿದರೆ ಯಾರೂ ವಾದ ಮಾಡಲಾರರು.

ಮೊದಲನೆಯದು: 443ಕ್ಕೆ ಟಿಎಲ್‌ಎಸ್ ಇಲ್ಲದೆ ಸಾದಾ ಎಚ್‌ಟಿಟಿಪಿ ಕೋರಿಕೆ ಕಳುಹಿಸಿ. ಎಂಜಿನ್‌ಎಕ್ಸ್ ಆಗಿದ್ದರೆ, ಎಚ್‌ಟಿಟಿಪಿಎಸ್ ಪೋರ್ಟಿಗೆ ಸಾದಾ ಎಚ್‌ಟಿಟಿಪಿ ಬಂದಿದೆ ಎಂಬ 400 ಪುಟ ಕೊಡುತ್ತದೆ. ಪುಟದ ನಡುವೆ ಶೀರ್ಷಿಕೆ, ಒಂದು ಅಡ್ಡಗೆರೆ, ಕೆಳಗೆ ಅದರ ಹೆಸರು. ನೋಡಿದವರಿಗೆ ಮರೆಯುವುದಿಲ್ಲ. ಐಐಎಸ್ ಆಗಿದ್ದರೆ ಮಾತಿಲ್ಲದೆ ಸಂಪರ್ಕ ಕಡಿಯುತ್ತದೆ.

ಎರಡನೆಯದು: ಸರಿಯಾದ ಟಿಎಲ್‌ಎಸ್ ಸಂಪರ್ಕದಲ್ಲೇ, ಪುಟದ ದಾರಿಯೊಳಗೆ ಒಂದು ಅಪೂರ್ಣವಿರಾಮ ಚಿಹ್ನೆ, ಅಂದರೆ ಮೇಲೊಂದು ಕೆಳಗೊಂದು ಚುಕ್ಕಿ ಇರುವ ಚಿಹ್ನೆ, ಸೇರಿಸಿ ಕೇಳಿ. ಎಂಜಿನ್‌ಎಕ್ಸ್‌ಗೆ ಅದರ ಬಗ್ಗೆ ತಕರಾರಿಲ್ಲ, ಒಳಗೆ ಬಿಡುತ್ತದೆ. ಹಳೆಯ ಎಎಸ್‌ಪಿ.ನೆಟ್ ಮಾತ್ರ ಅಪಾಯಕಾರಿ ದಾರಿ ಎಂದು ತನ್ನದೇ 400 ಪುಟ ಕೊಡುತ್ತದೆ.

ಎರಡೂ 400, ಆದರೆ ಎರಡರ ಮೈಕಟ್ಟೇ ಬೇರೆ. ತೆರೆಚಿತ್ರ ತೆಗೆದಿಟ್ಟುಕೊಳ್ಳಿ.

ಇದಕ್ಕೆ ಸಮಯದ ಅಳತೆಯನ್ನೂ ಜೋಡಿಸಬಹುದು. ಪ್ರಾಕ್ಸಿ ತಾನೇ ತಿರಸ್ಕರಿಸುವ ಕೋರಿಕೆಗೆ ಉತ್ತರ ಬರಲು ಹಿಡಿಯುವ ಸಮಯ ಟಿಸಿಪಿ ಕೈಕುಲುಕಿನ ಸಮಯಕ್ಕೆ ಬಹಳ ಹತ್ತಿರ ಇರುತ್ತದೆ. ಒಳಗೆ ಹೋಗಿ ಬರುವ ಕೋರಿಕೆಗೆ ಹೆಚ್ಚು. ಆದರೆ ಡೇಟಾಬೇಸ್ ಮುಟ್ಟುವ ಪುಟವನ್ನು ಅಳೆಯಬೇಡಿ, ಅದು ಸಹಜವಾಗಿಯೇ ನಿಧಾನ. ಹಿಂದಿನ ಸರ್ವರಿನಿಂದ ಬರುವ ಸಣ್ಣ ಚಿತ್ರವನ್ನೋ ದೋಷಪುಟವನ್ನೋ ಅಳೆಯಿರಿ, ಹಲವು ಸಲ ಅಳೆದು ಮಧ್ಯದ ಮೌಲ್ಯ ತೆಗೆದುಕೊಳ್ಳಿ. ಎರಡೂ ಒಂದೇ ಕೋಣೆಯಲ್ಲಿದ್ದರೆ ವ್ಯತ್ಯಾಸ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಇರಬಹುದು. ಆಗ ಇದರ ಮೇಲೆ ಭಾರ ಹಾಕಬೇಡಿ.

ಪರಿಶೋಧಕಿ (ಬೆಂಗಳೂರು, ಊರು ದಾವಣಗೆರೆ)

ಒಂದು ಮಾತು ಸೇರಿಸುತ್ತೇನೆ. ಪ್ರಾಕ್ಸಿ ಇದೆ ಎಂದು ಖಾತ್ರಿಯಾದ ಕೂಡಲೇ ಹುರುಪಿನಿಂದ ರಿಕ್ವೆಸ್ಟ್ ಸ್ಮಗ್ಲಿಂಗ್ ಪ್ರಯೋಗಕ್ಕೆ ಇಳಿಯುವವರನ್ನು ನೋಡಿದ್ದೇನೆ. 2005ರಲ್ಲೇ ದಾಖಲಾದ ಈ ದಾಳಿಗೆ 2019ರಲ್ಲಿ ಪೋರ್ಟ್‌ಸ್ವಿಗ್ಗರ್ ಸಂಸ್ಥೆಯ ಜೇಮ್ಸ್ ಕೆಟಲ್ ಅವರ ಸಂಶೋಧನೆ ಮರುಜೀವ ಕೊಟ್ಟಿತು. ಕೋರಿಕೆ ಎಲ್ಲಿ ಮುಗಿಯುತ್ತದೆ ಎಂಬುದರಲ್ಲಿ ಪ್ರಾಕ್ಸಿಗೂ ಹಿಂದಿನ ಸರ್ವರಿಗೂ ಒಮ್ಮತ ಇಲ್ಲದಿದ್ದಾಗ ಅದು ನಡೆಯುತ್ತದೆ. ಪ್ರಾಕ್ಸಿ ಹಿಂದಿನ ಸಂಪರ್ಕವನ್ನು ಹಲವು ಬಳಕೆದಾರರಿಗೆ ಹಂಚಿ ಬಳಸುವುದರಿಂದ ನಿಮ್ಮ ಪ್ರಯೋಗದ ತುಣುಕು ಮತ್ತೊಬ್ಬರ ಕೋರಿಕೆಗೆ ಅಂಟಿಕೊಳ್ಳಬಹುದು. ಆ ಮತ್ತೊಬ್ಬರು ಕಂತು ಕಟ್ಟುತ್ತಿರುವ ರೈತರಾಗಿರಬಹುದು. ಚಾಲ್ತಿಯಲ್ಲಿರುವ ತಾಣದಲ್ಲಿ, ಪ್ರತ್ಯೇಕವಾಗಿ ಒಪ್ಪಿಗೆ ಪಡೆಯದೆ, ದಯವಿಟ್ಟು ಮಾಡಬೇಡಿ. 502 ಪುಟ (ಹಿಂದಿನ ಸರ್ವರಿನಿಂದ ಸರಿಯಾದ ಉತ್ತರ ಬರದಾಗ ಪ್ರಾಕ್ಸಿ ಕೊಡುವ ದೋಷಪುಟ) ನೋಡಬೇಕೆಂದು ಹಿಂದಿನ ಸರ್ವರಿಗೆ ಹೊರೆ ಹೇರುವುದೂ ಬೇಡ.

ಅನುಮತಿ ಪತ್ರವನ್ನು ಮತ್ತೊಮ್ಮೆ ಓದಿ. ಪರೀಕ್ಷೆ ಐಪಿ ವಿಳಾಸಕ್ಕೆ ಎಂದಿದೆಯೋ, ಅದರ ಹಿಂದಿನ ಯಂತ್ರಗಳೂ ಸೇರಿವೆಯೋ? ಹಿಂದಿನ ಸರ್ವರ್ ಬೇರೆ ಸಂಸ್ಥೆಯ ಆವರಣದಲ್ಲಿರಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಮುಗಳಡಿ ಅನುಮತಿಯಿಲ್ಲದ ಪ್ರವೇಶಕ್ಕೆ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಪತ್ರದ ಒಂದು ಸಾಲು ಅಸ್ಪಷ್ಟವಾಗಿದ್ದರೂ ಬರವಣಿಗೆಯಲ್ಲಿ ಕೇಳಿ ಸ್ಪಷ್ಟ ಮಾಡಿಕೊಳ್ಳಿ.

ಬೆಣ್ಣೆನಗರಿ

ಅಲ್ಲಿಗೇ ಹೋಗುವುದಾದರೆ ಸಂಘದ ಸರ್ವರ್ ನೋಡಿಕೊಳ್ಳುವವರಿಗೇ ಫೋನ್ ಮಾಡಿ ‘ನಡುವೆ ಪ್ರಾಕ್ಸಿ ಇದೆಯೇ’ ಎಂದು ಕೇಳಿದರೆ ಮುಗಿಯಿತಲ್ಲ?

ಪರಿಶೋಧಕಿ (ಬೆಂಗಳೂರು, ಊರು ದಾವಣಗೆರೆ)

ಕೇಳಬಹುದು, ಕೊನೆಗೆ ಕೇಳಲೇಬೇಕು. ಆದರೆ ಮೊದಲು ಅಳೆದು ನಂತರ ಕೇಳಿ. ಸಣ್ಣ ಸಂಸ್ಥೆಗಳಲ್ಲಿ ಜಾಲವನ್ನು ಕಟ್ಟಿದವರು ಒಬ್ಬರು, ಈಗ ನೋಡಿಕೊಳ್ಳುವವರು ಇನ್ನೊಬ್ಬರು. ಅವರು ಪ್ರಾಮಾಣಿಕವಾಗಿಯೇ ‘ಎಲ್ಲವೂ ಪ್ರಾಕ್ಸಿ ಮೂಲಕವೇ ಬರುತ್ತದೆ’ ಎನ್ನುತ್ತಾರೆ. ಯಾವತ್ತೋ ಪ್ರಯೋಗಕ್ಕೆಂದು ತೆರೆದ ಪೋರ್ಟ್ ಅವರ ನಕ್ಷೆಯಲ್ಲಿ ಇರುವುದೇ ಇಲ್ಲ. ಅಳತೆಗೂ ನಕ್ಷೆಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ಸಂಘಕ್ಕೆ ನಿಜವಾಗಿ ಬೇಕಾದ ಮಾಹಿತಿ ಇರುತ್ತದೆ. ವೆಬ್ ಭದ್ರತೆಯ ಸಂಸ್ಥೆ ಓವಾಸ್ಪ್‌ನ ಪರೀಕ್ಷಾ ಕೈಪಿಡಿ ಕೂಡ ಅಪ್ಲಿಕೇಶನ್ನಿನ ರಚನೆಯ ನಕ್ಷೆ ಬರೆಯುವುದನ್ನು ಮಾಹಿತಿ ಸಂಗ್ರಹದ ಭಾಗವಾಗಿಯೇ ಇಟ್ಟಿದೆ.

ತುಂಗಭದ್ರೆ

ಪಕ್ಕದ ವಿಷಯ, ಆದರೆ ಇಲ್ಲಿ ಇರಲಿ. ಎಂಜಿನ್‌ಎಕ್ಸ್ ಬದಲು ಎಫ್5 ಲೋಡ್ ಬ್ಯಾಲೆನ್ಸರ್ (ಕೋರಿಕೆಗಳನ್ನು ಹಲವು ಸರ್ವರುಗಳಿಗೆ ಹಂಚುವ ಸಾಧನ) ಇರುವ ದೊಡ್ಡ ತಾಣಗಳಲ್ಲಿ ‘ಬಿಗ್‌ಐಪಿಸರ್ವರ್’ ಎಂದು ಶುರುವಾಗುವ ಕುಕಿ ಸಿಗುತ್ತದೆ. ಗೂಢಲಿಪಿ ಹಾಕಿಲ್ಲದಿದ್ದರೆ ಅದರಲ್ಲಿ ಒಳಗಿನ ವಿಳಾಸವೇ ಕುಳಿತಿರುತ್ತದೆ. ಉದಾಹರಣೆಗೆ ಕುಕಿಯ ಮೌಲ್ಯ 420128960.20480.0000 ಎಂದಿರಲಿ. ಮೊದಲ ಸಂಖ್ಯೆಯನ್ನು ಹದಿನಾರರ ಪದ್ಧತಿಗೆ ತಿರುಗಿಸಿ ಎರಡೆರಡು ಅಂಕಿಯಾಗಿ ಒಡೆದರೆ ನಾಲ್ಕು ಬೈಟುಗಳು: 25, 10, 168, 192. ಹಿಂದುಮುಂದಾಗಿ ಓದಿ, 192.168.10.25. ಎರಡನೆಯ ಸಂಖ್ಯೆಯ ಎರಡು ಬೈಟುಗಳನ್ನು ಅದಲುಬದಲು ಮಾಡಿದರೆ ಪೋರ್ಟ್ 80. ಒಳಜಾಲದ ವಿಳಾಸ ಹೀಗೆ ಪ್ರತಿ ಬ್ರೌಸರಿಗೂ ಹೋಗುತ್ತಿರುತ್ತದೆ.

ಚಳ್ಳಕೆರೆ ವಿದ್ಯಾರ್ಥಿನಿ

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ, ಸರಿಯಾಗಿ ಬಂತು! ಧನ್ಯವಾದ.

ಹದಡಿರಸ್ತೆ (ದಾವಣಗೆರೆ)

ಎಲ್ಲರಿಗೂ ಧನ್ಯವಾದ. ಅನುಮತಿಯ ವ್ಯಾಪ್ತಿಯನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಂಡೆ. ಹಿಂದಿನ ಸರ್ವರ್ ಸಂಘದ್ದೇ, ಅದೂ ಸೇರಿದೆ. ಫಲಿತಾಂಶ ಹೇಳುತ್ತೇನೆ.

ಹರಿಹರದವರು ಹೇಳಿದ ಎರಡು ದೋಷಪುಟಗಳೂ 443ರಲ್ಲಿ ಬಂದವು, ಎರಡೂ ಬೇರೆ ಬೇರೆ. 8443ಕ್ಕೆ ಸಾದಾ ಎಚ್‌ಟಿಟಿಪಿ ಕಳುಹಿಸಿದರೆ ಸಂಪರ್ಕ ಕಡಿಯಿತು. ಅಲ್ಲಿಗೆ ಗೊತ್ತಿಲ್ಲದ ಹೋಸ್ಟ್ ಹೆಸರು ಕೊಟ್ಟು ಕೇಳಿದಾಗ ಸರ್ವರ್ ಹೆಡರ್‌ನಲ್ಲಿ ‘ಮೈಕ್ರೋಸಾಫ್ಟ್-ಎಚ್‌ಟಿಟಿಪಿಎಪಿಐ/2.0’ ಎಂದು ಬಂತು. ಅಂದರೆ 443ರಲ್ಲಿ ಎಂಜಿನ್‌ಎಕ್ಸ್ ನಿಂತಿದೆ, 8443 ನೇರವಾಗಿ ವಿಂಡೋಸ್ ಯಂತ್ರಕ್ಕೆ ಹೋಗುತ್ತದೆ.

ಇದರಿಂದ ಹೊರಬಿದ್ದದ್ದು ಗಂಭೀರವಾಗಿದೆ. 443ರಲ್ಲಿ ಲಾಗಿನ್ ಪ್ರಯತ್ನಗಳಿಗೆ ಮಿತಿ ಇದೆ, ಕೆಲವು ಪ್ರಯತ್ನಗಳ ನಂತರ 429 (ಕೋರಿಕೆಗಳು ಅತಿಯಾದವು ಎಂಬ ಸಂಕೇತ) ಬರುತ್ತದೆ. ನಾವು, ಸಂಘ ನಮಗಾಗಿ ಕೊಟ್ಟ ಪರೀಕ್ಷಾ ಖಾತೆಯನ್ನೇ ಬಳಸಿ 8443ರಲ್ಲಿ ನೋಡಿದೆವು. ಅಲ್ಲಿ ಮಿತಿಯೇ ಇಲ್ಲ. ಕಾವಲೆಲ್ಲ ಪ್ರಾಕ್ಸಿಯಲ್ಲಿದೆ, ಪ್ರಾಕ್ಸಿಯ ಮೂಲಕ ಹಾಯದೆ ಒಳಹೋಗುವ ದಾರಿ ತೆರೆದೇ ಇದೆ. ಜೊತೆಗೆ ಅಪ್ಲಿಕೇಶನ್ನಿನ ‘ಕಳೆದ ಬಾರಿ ಪ್ರವೇಶಿಸಿದ ವಿಳಾಸ’ ಎಂಬ ಜಾಗದಲ್ಲಿ, ನಾವು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಹೆಡರಿನಲ್ಲಿ (ಮೂಲ ಬಳಕೆದಾರರ ವಿಳಾಸವನ್ನು ಹಿಂದಿನ ಸರ್ವರಿಗೆ ತಿಳಿಸುವ ಹೆಡರ್) ಬರೆದು ಕಳುಹಿಸಿದ ವಿಳಾಸವೇ ಮೂಡುತ್ತದೆ, 443ರ ಮೂಲಕ ಹೋದರೂ. ನಾಳೆ ಯಾರಾದರೂ ಸದಸ್ಯರ ಖಾತೆಗೆ ಕನ್ನ ಹಾಕಿದರೆ ದಾಖಲೆಯಲ್ಲಿ ಕಳ್ಳನೇ ಬರೆದುಕೊಟ್ಟ ವಿಳಾಸ ಉಳಿಯುತ್ತದೆ.

ಸರ್ವರ್ ಕಾವಲು (ಹರಿಹರ)

ಎರಡನೆಯದರ ಕಾರಣ ಬಹುತೇಕ ಹೀಗಿರಬೇಕು: ಎಂಜಿನ್‌ಎಕ್ಸ್‌ನ ಸಂರಚನೆಯಲ್ಲಿ ಎಲ್ಲರೂ ನಕಲು ಮಾಡುವ ಸಾಲು ಬಂದ ಹೆಡರಿಗೆ ತನಗೆ ಕಂಡ ವಿಳಾಸವನ್ನು ಕೊನೆಯಲ್ಲಿ ಸೇರಿಸುತ್ತದೆ, ಹಳೆಯದನ್ನು ಅಳಿಸುವುದಿಲ್ಲ. ಅಪ್ಲಿಕೇಶನ್ ಎಡತುದಿಯ ವಿಳಾಸ ಓದುತ್ತಿದೆ, ಅದು ಹೊರಗಿನವರು ಬರೆದದ್ದು. ಮುಂದೆ ಬೇರೆ ಪ್ರಾಕ್ಸಿ ಇಲ್ಲದಿದ್ದರೆ, ಸಂಪರ್ಕದ ನಿಜವಾದ ವಿಳಾಸವನ್ನು ಮಾತ್ರ ಇಟ್ಟು ಹೆಡರನ್ನು ಹೊಸದಾಗಿ ಬರೆಯುವಂತೆ ಎಂಜಿನ್‌ಎಕ್ಸ್‌ಗೆ ಹೇಳಿದರೆ ಸರಿಹೋಗುತ್ತದೆ.

8443 ವಿಚಾರದಲ್ಲಿ ಫಾರ್ವರ್ಡ್ ನಿಯಮ ತೆಗೆದರೆ ಸಾಲದು. ವಿಂಡೋಸ್ ಯಂತ್ರದ ಫೈರ್‌ವಾಲ್‌ನಲ್ಲಿ ಆ ಸೇವೆಗೆ ಪ್ರಾಕ್ಸಿಯ ಒಳವಿಳಾಸದಿಂದ ಮಾತ್ರ ಪ್ರವೇಶ ಎಂದು ಬರೆಸಿ. ಇಲ್ಲದಿದ್ದರೆ ಮುಂದೆ ಮತ್ತೊಬ್ಬರು ಮತ್ತೊಂದು ಪೋರ್ಟ್ ತೆರೆಯುತ್ತಾರೆ.

ಪರಿಶೋಧಕಿ (ಬೆಂಗಳೂರು, ಊರು ದಾವಣಗೆರೆ)

ವರದಿಯಲ್ಲಿ ಕಂಡದ್ದನ್ನೂ ತೀರ್ಮಾನಿಸಿದ್ದನ್ನೂ ಬೇರೆ ಬೇರೆ ಬರೆಯಿರಿ. ‘443: ಟಿಟಿಎಲ್ 57, 8443: ಟಿಟಿಎಲ್ 120’ ಎಂಬುದು ಕಂಡದ್ದು. ‘8443 ಪ್ರಾಕ್ಸಿಯನ್ನು ದಾಟದೆ ನೇರ ಒಳಹೋಗುತ್ತದೆ’ ಎಂಬುದು ತೀರ್ಮಾನ. ಮತ್ತು ಈ 8443ರ ಸಂಗತಿಯನ್ನು ಪೂರ್ಣ ವರದಿ ಸಿದ್ಧವಾಗುವವರೆಗೆ ಇಟ್ಟುಕೊಳ್ಳಬೇಡಿ, ಇವತ್ತೇ ತಿಳಿಸಿ.

ಹದಡಿರಸ್ತೆ (ದಾವಣಗೆರೆ)

ಬೆಳಿಗ್ಗೆಯೇ ಅವರ ಕಚೇರಿಗೆ ಹೋಗಿ ಕಾರ್ಯದರ್ಶಿಯವರ ಕೈಗೆ ಪತ್ರ ಕೊಟ್ಟು ಬಂದೆ. ಫಾರ್ವರ್ಡ್ ನಿಯಮ ತೆಗೆದಿದ್ದಾರೆ, 8443 ಈಗ ಉತ್ತರಿಸುವುದಿಲ್ಲ. ಫೈರ್‌ವಾಲ್ ಮತ್ತು ಹೆಡರ್ ಕೆಲಸ ಬಾಕಿ ಇದೆ.

ಚಳ್ಳಕೆರೆ ವಿದ್ಯಾರ್ಥಿನಿ

ಇದನ್ನೆಲ್ಲ ಯಾರ ತಾಣವನ್ನೂ ಮುಟ್ಟದೆ ಮನೆಯಲ್ಲೇ ಕಲಿಯಲು ಸಾಧ್ಯವೇ? ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಮೆಮೊರಿ ಇದೆ.

ದುರ್ಗದ ಮೇಷ್ಟ್ರು (ಚಿತ್ರದುರ್ಗ)

ಧಾರಾಳವಾಗಿ. ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಸಣ್ಣ ಲಿನಕ್ಸ್ ಯಂತ್ರ ಮಾಡಿಕೊಳ್ಳಮ್ಮ, ಎರಡಕ್ಕೂ ತಲಾ 1 ಜಿಬಿ ಸಾಕು. ಒಂದರಲ್ಲಿ ಎಂಜಿನ್‌ಎಕ್ಸ್, ಇನ್ನೊಂದರಲ್ಲಿ ಟಾಮ್‌ಕ್ಯಾಟ್ (ಜಾವಾ ಅಪ್ಲಿಕೇಶನ್ ಸರ್ವರ್) ಹಾಕು. ಮೊದಲು ಟಾಮ್‌ಕ್ಯಾಟ್‌ಗೆ ನೇರ ಹೋಗಿ ಅದರ 404 ಪುಟ, ಹೆಡರುಗಳು, ‘ಜೆಸೆಷನ್‌ಐಡಿ’ ಕುಕಿ ಹೇಗಿವೆ ಎಂದು ಬರೆದುಕೋ. ಆಮೇಲೆ ಎಂಜಿನ್‌ಎಕ್ಸ್ ಮೂಲಕ ಹೋಗಿ ಯಾವುದು ಬದಲಾಯಿತು, ಯಾವುದು ಉಳಿಯಿತು ನೋಡು. ಎಂಜಿನ್‌ಎಕ್ಸ್ ಯಂತ್ರದ ಎರಡೂ ಕಡೆ ವೈರ್‌ಶಾರ್ಕ್‌ನಿಂದ ಪ್ಯಾಕೆಟ್ ಹಿಡಿದರೆ ಎರಡು ಬೇರೆ ಟಿಸಿಪಿ ಸಂಪರ್ಕಗಳು ಕಣ್ಣಿಗೇ ಕಾಣುತ್ತವೆ. ನಂತರ ಎಂಜಿನ್‌ಎಕ್ಸ್ ನಿಲ್ಲಿಸಿ, ಅದೇ ಯಂತ್ರದಲ್ಲಿ ಐಪಿಟೇಬಲ್ಸ್‌ನಿಂದ ಬರೀ ಪೋರ್ಟ್ ಫಾರ್ವರ್ಡ್ ಮಾಡಿ ಹಿಡಿ. ಆಗ ಒಂದೇ ಸಂಪರ್ಕ, ಟಿಟಿಎಲ್ ಒಂದು ಕಡಿಮೆ. ಕೊನೆಗೆ ಎಂಜಿನ್‌ಎಕ್ಸ್ ತೆಗೆದು ಅಪಾಚೆಯನ್ನು ಪ್ರಾಕ್ಸಿಯಾಗಿ ನಿಲ್ಲಿಸಿ ಮ್ಯಾಕ್ಸ್-ಫಾರ್ವರ್ಡ್ಸ್ ಪ್ರಯೋಗ ಮಾಡು. ಹಿಡಿದ ಕಡತಗಳನ್ನು ಇಲ್ಲಿ ಹಾಕಿದರೆ ಒಟ್ಟಿಗೆ ಕುಳಿತು ಓದೋಣ.